ನನ್ನ ಬದಲಿಗೆ ಮಿಲಾ ಅಕ್ಕ

ಆ ಬೆಳಿಗ್ಗೆ ನನಗೆ ಜ್ವರ ಇರಲಿಲ್ಲ. ಕೆಮ್ಮೂ ಇರಲಿಲ್ಲ. ಎರಡೂ ಇವೆ ಎಂದು ಆಸ್ಪತ್ರೆಗೆ ಫೋನ್ ಮಾಡಿ ಸುಳ್ಳು ಹೇಳಿದೆ. ನಾನು ಹೋಗಬೇಕಾಗಿದ್ದ ಕೊರೊನಾ ವಾರ್ಡಿಗೆ ನನ್ನ ಬದಲು ಮಿಲಾ ಅಕ್ಕ ಹೋದರು. ಹೆಚ್ಚು ದಿನವಾಗಲಿಲ್ಲ — ಅವರೇ ಆ ವಾರ್ಡಿನ ರೋಗಿಯಾದರು. ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿನಲ್ಲಿ ಇಡಬೇಕಾಯಿತು. ಬದುಕಿದರು. ಆದರೆ ಹಾಡುತ್ತಿದ್ದ ಅವರ ದನಿ ಹೋಯಿತು.

ಇಷ್ಟನ್ನು ಬರೆಯಲು ನನಗೆ ವರ್ಷಗಳು ಹಿಡಿದವು. ಬರೆದ ಮೇಲೂ ಮನಸ್ಸು ಮುಂದಿನ ಸಾಲಿಗೊಂದು ಸಮಜಾಯಿಷಿಯನ್ನು ಹುಡುಕುತ್ತಿದೆ. ಸೋಂಕು ಯಾವ ದಿನ, ಯಾರಿಂದ ಅಂಟಿತೆಂದು ಖಚಿತವಾಗಿ ಹೇಳಲು ಯಾರಿಂದಲೂ ಸಾಧ್ಯವಿಲ್ಲ — ಇದು ನಿಜವೇ. ನರ್ಸ್ ಆಗಿ ನನಗದು ಗೊತ್ತು. ಆ ನಿಜದ ಹಿಂದೆ ನಾನು ಎಷ್ಟು ಕಾಲ ಅಡಗಿ ಕುಳಿತಿದ್ದೆನೆಂಬುದೂ ಗೊತ್ತು.

ನಾನು ಚಿತ್ರದುರ್ಗದ ಕಡೆಯವಳು. ದಾವಣಗೆರೆಯಲ್ಲಿ ನರ್ಸಿಂಗ್ ಓದಿ, ಮದುವೆಯಾದ ಮೇಲೆ ಗಂಡ ಮಂಜುವಿನ ಜೊತೆ ಸ್ಯಾನ್ ಡಿಯೇಗೊಗೆ ಬಂದೆ. ಇಲ್ಲಿನ ಪರೀಕ್ಷೆಗಳನ್ನು ಪಾಸು ಮಾಡಿ ಆಸ್ಪತ್ರೆಯೊಂದಕ್ಕೆ ಸೇರಿದಾಗ ನನಗೆ ಕೆಲಸ ಕಲಿಸಿದವರು ಮಿಲಾ. ಫಿಲಿಪೀನ್ಸಿನವರು, ನನಗಿಂತ ಒಂದು ಹನ್ನೆರಡು ವರ್ಷ ದೊಡ್ಡವರು. ವಾರ್ಡಿನ ಫಿಲಿಪಿನೋ ನರ್ಸುಗಳೆಲ್ಲ ಅವರನ್ನು "ಆತೆ ಮಿಲಾ" ಎಂದು ಕರೆಯುತ್ತಿದ್ದರು. ಅದು ನನಗೆ "ಅತ್ತೆ" ಎಂದು ಕೇಳಿಸಿ ಮೊದಲ ದಿನವೇ ನಕ್ಕುಬಿಟ್ಟಿದ್ದೆ. ಅವರ ಭಾಷೆಯಲ್ಲಿ ಅಕ್ಕ ಎಂದರೆ ಆತೆಯಂತೆ. "ನಿಮ್ಮಲ್ಲಿ ಏನಂತೀರ?" ಎಂದು ಕೇಳಿದರು. ಹೇಳಿಕೊಟ್ಟೆ. ಆಮೇಲೆ ನನ್ನ ಬಾಯಲ್ಲಿ ಅವರು ಮಿಲಾ ಅಕ್ಕನೇ ಆದರು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಆದರೆ ನನ್ನ ನೆನಪಿನಲ್ಲಿ ಅವರ ಮಾತೆಲ್ಲ ನಮ್ಮ ಕಡೆಯ ಅಕ್ಕನೊಬ್ಬಳು ಆಡಿದಂತೆಯೇ ಉಳಿದಿದೆ, ಹಾಗೆಯೇ ಬರೆಯುತ್ತಿದ್ದೇನೆ.

ಅವರು ಹಾಡುತ್ತಿದ್ದರು. ಹಾಸಿಗೆ ಬಟ್ಟೆ ಬದಲಿಸುವಾಗ, ಡ್ರಿಪ್ ನೋಡುವಾಗ, ಲಿಫ್ಟಿಗೆ ಕಾಯುವಾಗ — ಮೆಲ್ಲಗೆ, ತಮಗೇ ಎಂಬಂತೆ. ಹೆಚ್ಚಿನವು ಒಂದೇ ಬ್ಯಾಂಡಿನ ಹಾಡುಗಳು. ಅವರು ಮನಿಲಾದಲ್ಲಿ ನರ್ಸಿಂಗ್ ಓದುತ್ತಿದ್ದಾಗ ಇಡೀ ದೇಶದ ಹುಡುಗ ಹುಡುಗಿಯರನ್ನು ಹುಚ್ಚೆಬ್ಬಿಸಿದ್ದ ನಾಲ್ವರು ಕಾಲೇಜು ಹುಡುಗರ ರಾಕ್ ಬ್ಯಾಂಡ್ ಅದು. ಹಾಸ್ಟೆಲಿನ ಹುಡುಗಿಯರೆಲ್ಲ ಸೇರಿ ಆ ಹಾಡುಗಳನ್ನೇ ಹಾಡುವ ಒಂದು ಗುಂಪು ಕಟ್ಟಿದ್ದರಂತೆ, ಮುಖ್ಯ ಗಾಯಕಿ ಮಿಲಾ. ಆಮೇಲೆ ಆ ನಾಲ್ವರು ಜಗಳವಾಡಿ ಬೇರೆಯಾದರು. ಅದೇ ವರ್ಷ ಇವರೂ ಊರು ಬಿಟ್ಟರು — ಮೊದಲು ಸೌದಿ, ಆಮೇಲೆ ಅಮೆರಿಕ. "ಸೌದಿ ಹಾಸ್ಟೆಲಲ್ಲಿ ಜೋರಾಗಿ ಹಾಡೋ ಹಾಗಿರಲಿಲ್ಲ. ಕಂಬಳಿ ಹೊದ್ಕೊಂಡು ಒಳಗೇ ಹಾಡ್ತಿದ್ದೆ" ಎಂದಿದ್ದರು ಒಮ್ಮೆ. ಆ ನಾಲ್ವರು ಮತ್ತೆ ಒಂದಾಗಿ ಹಾಡಿದರೆ ಎಲ್ಲಿದ್ದರೂ ಹೋಗುತ್ತೇನೆ ಎಂಬುದು ಅವರ ಹಳೆಯ ಮಾತು. ಆಗುವ ಮಾತಲ್ಲ ಎಂದು ಅವರೇ ನಗುತ್ತಿದ್ದರು.

ಆಮೇಲೆ ಕೊರೊನಾ ಬಂತು. ಆ ಮೊದಲ ವಸಂತವನ್ನು ನೆನಪಿಸಿಕೊಳ್ಳುವವರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಮಹಡಿಯ ಒಂದು ಭಾಗವನ್ನು ಪ್ಲಾಸ್ಟಿಕ್ ಪರದೆ ಕಟ್ಟಿ ಬೇರೆ ಮಾಡಿದರು. ಒಳಗೆ ಹೋಗುವವರಿಗೆ ಸರದಿ ಹಾಕಿದರು. ಮಾಸ್ಕುಗಳು ಸಾಲದೆ ಒಂದನ್ನೇ ಕಾಗದದ ಚೀಲದಲ್ಲಿಟ್ಟು ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದೆವು. ನನ್ನ ಸರದಿ ಬಂತು.

ಹಿಂದಿನ ಸಂಜೆ ಮಂಜುಗೆ ಹೇಳಿದೆ. ಮಗಳು ಅನ್ವಿ ಆಗಿನ್ನೂ ಚಿಕ್ಕವಳು, ಅಡುಗೆಮನೆಯ ನೆಲದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದಳು.

"ಹೋಗ್ಲೇಬೇಕಾ?" ಎಂದ ಮಂಜು. "ಲೀವ್ ಅಪ್ಲೈ ಮಾಡೋಕಾಗಲ್ವಾ?"

"ಈಗ ಯಾರಿಗೂ ಲೀವ್ ಕೊಡ್ತಿಲ್ಲ ಕಣೋ."

ಸುಳ್ಳು ಹೇಳು ಎಂದು ಅವನು ಹೇಳಲಿಲ್ಲ. ಇದನ್ನು ಸ್ಪಷ್ಟಪಡಿಸಬೇಕು — ಯಾಕೆಂದರೆ ಎಷ್ಟೋ ಸಲ ಮನಸ್ಸಿನಲ್ಲೇ ಆ ಪಾಪದ ಅರ್ಧ ಪಾಲನ್ನು ಅವನ ಮೇಲೆ ಹಾಕಿದ್ದೇನೆ. ಮಗಳ ಮೇಲೂ ಹಾಕಿದ್ದೇನೆ. ಮಗುವಿಗಾಗಿ ಮಾಡಿದೆ ಎಂದು. ಮಗುವಿಗಾಗಿ ಅಲ್ಲ. ಹಿಂದಿನ ದಿನ ಆ ಪರದೆಯಾಚೆಯಿಂದ ಒಬ್ಬ ಗಂಡಸು ಉಸಿರಿಗಾಗಿ ಒದ್ದಾಡುವ ಸದ್ದು ಕೇಳಿದ್ದೆ. ಆ ಸದ್ದು ನನ್ನ ಎದೆಯಿಂದ ಬರುವುದನ್ನು ಊಹಿಸಿಕೊಂಡೆ. ಹೆದರಿದೆ. ಅಷ್ಟೇ.

ಬೆಳಿಗ್ಗೆ ಫೋನ್ ಮಾಡಿದೆ. ಆ ಪಾಳಿಯ ಮುಖ್ಯ ನರ್ಸ್ ಒಂದು ಕ್ಷಣವೂ ಅನುಮಾನಿಸಲಿಲ್ಲ. "ಮನೇಲೇ ಇರು, ರೆಸ್ಟ್ ತಗೋ. ಮಿಲಾಗೆ ಇವತ್ತು ರಜೆ. ನಿನ್ನ ಬದಲಿಗೆ ಅವಳನ್ನ ಕರೀತೀನಿ, ಅವಳು ಇಲ್ಲ ಅನ್ನಲ್ಲ."

ಆ ಹೊತ್ತಿನಲ್ಲಿ ನಾನು "ಬೇಡ, ಬರ್ತೀನಿ" ಎನ್ನಬಹುದಿತ್ತು. ಬೇರೆ ಯಾರದೋ ಹೆಸರಾಗಿರಲಿಲ್ಲ ಅದು. ನಾನು ಹೇಳಿದ್ದು "ಥ್ಯಾಂಕ್ಸ್".

ಸ್ವಲ್ಪ ಹೊತ್ತಿಗೆ ಮಿಲಾ ಅಕ್ಕನೇ ಫೋನ್ ಮಾಡಿದರು. ಆಸ್ಪತ್ರೆಯ ಪಾರ್ಕಿಂಗಿನಿಂದ. "ಜ್ವರ ಹೇಗಿದೆ? ಬಿಸಿನೀರು ಕುಡೀತಾ ಇರು. ವಾರ್ಡ್ ಬಗ್ಗೆ ತಲೆ ಕೆಡಿಸ್ಕೋಬೇಡ, ನಾನಿದೀನಲ್ಲ."

ನಾನು ಉತ್ತರವಾಗಿ ಕೆಮ್ಮಿದೆ.

ಆ ಕೆಮ್ಮು — ಮುಖ್ಯ ನರ್ಸಿಗೆ ಹೇಳಿದ ಸುಳ್ಳಿಗಿಂತ ಆ ಕೆಮ್ಮು ನನ್ನನ್ನು ಹೆಚ್ಚು ಚುಚ್ಚುತ್ತದೆ. ಅದನ್ನು ಯಾರೂ ಕೇಳಿರಲಿಲ್ಲ. ನಾನಾಗಿಯೇ ಸೇರಿಸಿದ್ದು.

ಆ ದಿನ ಪರದೆಯಾಚೆ ಒಬ್ಬ ರೋಗಿಯ ಸ್ಥಿತಿ ಇದ್ದಕ್ಕಿದ್ದಂತೆ ಬಿಗಡಾಯಿಸಿ, ಮಿಲಾ ಅಕ್ಕ ಬಹಳ ಹೊತ್ತು ಅವನ ಮುಖದ ಹತ್ತಿರವೇ ಬಗ್ಗಿ ನಿಂತಿದ್ದರೆಂದು ಆಮೇಲೆ ತಿಳಿಯಿತು. ಮುಂದಿನ ವಾರದೊಳಗೆ ಅವರಿಗೆ ಜ್ವರ ಬಂತು. ನಿಜವಾದ ಜ್ವರ. ಅವರು ವೆಂಟಿಲೇಟರಿನಲ್ಲಿದ್ದ ದಿನಗಳಲ್ಲಿ ನಾನು ನನ್ನ ಸರದಿಯಲ್ಲೂ, ಬೇರೆಯವರ ಸರದಿಯಲ್ಲೂ ಆ ವಾರ್ಡಿನಲ್ಲೇ ದುಡಿದೆ. ಎಲ್ಲರೂ ಧೈರ್ಯ ಎಂದರು. ಅದು ಧೈರ್ಯವಲ್ಲ — ಏನೆಂದು ನನಗೆ ಇವತ್ತಿಗೂ ಹೆಸರಿಡಲು ಬರುವುದಿಲ್ಲ. ಉಸಿರಾಟಕ್ಕೆ ಅನುಕೂಲವೆಂದು ಬೋರಲಾಗಿ ಮಲಗಿಸಿದ್ದ ಅವರ ಬೆನ್ನು ಏರಿಳಿಯುವುದನ್ನು ನೋಡುತ್ತ ನಿಲ್ಲುತ್ತಿದ್ದೆ.

ಅವರು ಎಚ್ಚರಾಗಿ ಮನೆಗೆ ಹೋದರು. ಶ್ವಾಸಕೋಶ ಮೊದಲಿನಂತಾಗಲಿಲ್ಲ. ನಳಿಕೆ ಬಹಳ ದಿನ ಇದ್ದದ್ದಕ್ಕೋ ಏನೋ ದನಿ ಒಡೆದು, ಗಾಳಿ ಸೇರಿದ ಪಿಸುಮಾತಾಯಿತು. ರೋಗಿಗಳ ನಡುವಿನ ಕೆಲಸ ಬಿಟ್ಟು ಆಸ್ಪತ್ರೆಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಕೆಲಸ ತೆಗೆದುಕೊಂಡರು. ಮೀರಾ ಮೇಸಾದಲ್ಲಿ ಅವರೊಬ್ಬರೇ ಇರುವ ಚಿಕ್ಕ ಮನೆ. ನಾವಿರುವ ರ್ಯಾಂಚೊ ಪೆನಾಸ್ಕಿಟೋಸ್‌ನಿಂದ ಹತ್ತಿರ. ನಾನು ಅಲ್ಲಿಗೆ ಅನ್ನ, ಸಾರು, ಪಲ್ಯ ಹೊತ್ತುಕೊಂಡು ಹೋಗತೊಡಗಿದೆ. ಉಸಿರಾಟದ ವ್ಯಾಯಾಮಕ್ಕೆ ಕಾರಿನಲ್ಲಿ ಕರೆದೊಯ್ದೆ. ಅವರ ಬಟ್ಟೆ ಒಗೆದೆ, ತಲೆ ಬಾಚಿದೆ. ವಾರಗಳಲ್ಲ, ವರ್ಷಗಳು. "ಒಡಹುಟ್ಟಿದೋಳೂ ಹೀಗೆ ನೋಡ್ಕೊಳ್ಳಲ್ಲ" ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿದರೆ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ಹೇಳಬೇಕೆಂದು ಎಷ್ಟೋ ಸಲ... ಪ್ರತಿ ಸಲವೂ ಅನ್ನದ ಡಬ್ಬಿ ಕೆಳಗಿಟ್ಟು, ಪಾತ್ರೆ ತೊಳೆದು, ವಾಪಸು ಬಂದೆ.

ಹೀಗಿರುವಾಗ ಆ ನಾಲ್ವರು ಒಂದಾದರು.

ಮಿಲಾ ಅಕ್ಕ ಫೋನಿನಲ್ಲಿ ಆ ಸುದ್ದಿ ಹೇಳುವಾಗ ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದರು. ಲಾಸ್ ಏಂಜಲೀಸ್‌ಗೆ ಬರುತ್ತಾರಂತೆ, ಟಿಕೆಟ್ ಸಿಕ್ಕಿದೆಯಂತೆ. ಅಲ್ಲೇ ಹತ್ತಿರ ಟೊರೆನ್ಸ್‌ನಲ್ಲಿರುವ ಅವರ ಚಿಕ್ಕಪ್ಪನ ಮಗಳು ತೆರೆಸಾ ಬರಬೇಕಿತ್ತು, ಆದರೆ ಅವಳಿಗೆ ಮೊಣಕಾಲು ನೋವು. "ನೀನೇ ಬಾ. ನಿಂಗೆ ಒಂದು ಪದವೂ ಅರ್ಥ ಆಗಲ್ಲ, ಗೊತ್ತು. ಆದ್ರೂ ನೀನೇ ಬರ್ಬೇಕು."

ನಾವು ಮಧ್ಯಾಹ್ನ ತೆರೆಸಾಳ ಮನೆ ಸೇರಿದೆವು. ಅವಳು ಹುಳಿ ಹಾಕಿದ ಮೀನಿನ ಸಾರು, ಅನ್ನ ಬಡಿಸಿದಳು. ನನಗಾಗಿ ಬೇರೆಯಾಗಿ ಬದನೆಕಾಯಿ ಹುರಿದಿದ್ದಳು. ಬಿಸಿಲಿಳಿಯುವ ಹೊತ್ತಿಗೆ ಹೊರಟೆವು. ಒಳಾಂಗಣ ಕ್ರೀಡಾಂಗಣದ ಹೊರಗಿನ ಸಾಲಿನಲ್ಲಿ ನಿಂತಾಗ ನನಗನ್ನಿಸಿತು — ಇವರೆಲ್ಲರನ್ನೂ ನಾನು ಬಲ್ಲೆ. ನರ್ಸುಗಳು, ಮುದುಕರನ್ನು ನೋಡಿಕೊಳ್ಳುವವರು, ಹಡಗಿನಲ್ಲಿ ದುಡಿದು ಬಂದವರು, ಅಂಚೆ ಹಂಚುವವರು. ಬಿಗಿಯಾದ ಹಳೆಯ ಟೀ ಶರ್ಟು ತೊಟ್ಟ ನಡುವಯಸ್ಸಿನ ಗಂಡಸರು. ಅಪ್ಪ ಅಮ್ಮನ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು. ಎಲ್ಲರೂ ಪರಸ್ಪರ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಭಾಷೆ ಬರದಿದ್ದರೂ ನನಗದು ತಿಳಿಯಿತು. ಯಾವೂರು ನಿಮ್ದು? ನಮ್ಮವರೂ ಹೊಸಬರೊಬ್ಬರು ಸಿಕ್ಕಿದರೆ ಮೊದಲು ಕೇಳುವುದು ಅದನ್ನೇ ಅಲ್ಲವೇ. ಮಿಲಾ ಅಕ್ಕ ತಮ್ಮ ಊರಿನ ಹೆಸರು ಹೇಳುತ್ತಿದ್ದರು. ಅವರ ಪಿಸುದನಿ ಕೇಳಿಸದೆ ಜನ ಕಿವಿ ಹತ್ತಿರ ತರುತ್ತಿದ್ದರು. ಒಬ್ಬಾಕೆ ಇಂಗ್ಲಿಷಿನಲ್ಲಿ "ಗಂಟಲು ಕೆಟ್ಟಿದೆಯಾ?" ಎಂದು ಕೇಳಿದಳು. "ಕೋವಿಡ್. ನಾನು ನರ್ಸು," ಎಂದರು. ಆಕೆ ಇವರನ್ನು ತಬ್ಬಿಕೊಂಡಳು. ಆಕೆಯ ಅಕ್ಕನೂ ನರ್ಸಂತೆ. ಬದುಕಿ ಉಳಿಯಲಿಲ್ಲವಂತೆ.

ನಾನು ಪಕ್ಕದಲ್ಲೇ ನಿಂತಿದ್ದೆ.

ದೀಪಗಳು ಆರಿ, ವೇದಿಕೆಯ ಮೇಲೆ ಆ ನಾಲ್ವರು ಕಾಣಿಸಿಕೊಂಡಾಗ ಎದ್ದ ಕೂಗನ್ನು ನಾನು ಮರೆಯಲಾರೆ. ಹುಡುಗರಾಗಿರಲಿಲ್ಲ ಅವರು. ಒಬ್ಬನ ತಲೆ ಪೂರ್ತಿ ಬೆಳ್ಳಗಾಗಿತ್ತು, ಇನ್ನೊಬ್ಬ ಕುರ್ಚಿಯಲ್ಲಿ ಕೂತೇ ಗಿಟಾರ್ ನುಡಿಸಿದ. ಆದರೆ ಮೊದಲ ನುಡಿ ಹೊರಟಿದ್ದೇ ತಡ ನನ್ನ ಸುತ್ತಲಿದ್ದವರೆಲ್ಲ ಕಾಲೇಜು ಮಕ್ಕಳಾದರು. ಮಿಲಾ ಅಕ್ಕ ಎರಡೂ ಕೈ ಎತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದು ಹಾಡುತ್ತಿದ್ದರು. ತುಟಿಗಳು ಒಂದು ಪದವನ್ನೂ ತಪ್ಪುತ್ತಿರಲಿಲ್ಲ. ದನಿ ಮಾತ್ರ ಇರಲಿಲ್ಲ. ಅಷ್ಟು ಗದ್ದಲದಲ್ಲಿ ಅದು ಯಾರಿಗೂ ತಿಳಿಯುವಂತಿರಲಿಲ್ಲ, ಅದೇ ಒಂದು ಸಮಾಧಾನ ಎಂದುಕೊಂಡೆ.

ಆಮೇಲೆ ಅವರ ಅತ್ಯಂತ ಪ್ರೀತಿಯ ಹಾಡು ಬಂತು. ಲಿಫ್ಟಿನ ಮುಂದೆ, ಹಾಸಿಗೆಗಳ ನಡುವೆ ನಾನು ಎಷ್ಟೋ ಸಲ ಕೇಳಿದ್ದ ರಾಗ. ಅರ್ಧ ಹಾಡಿನಲ್ಲಿ ಬ್ಯಾಂಡಿನವರು ನುಡಿಸುವುದನ್ನು ನಿಲ್ಲಿಸಿದರು. ಗಾಯಕ ಮೈಕನ್ನು ಜನರ ಕಡೆ ಹಿಡಿದ. ಇಡೀ ಕ್ರೀಡಾಂಗಣ ವಾದ್ಯಗಳಿಲ್ಲದೆ ಹಾಡತೊಡಗಿತು.

ಮಿಲಾ ಅಕ್ಕ ಪ್ರಯತ್ನಿಸಿದರು. ಉಸಿರೆಳೆದುಕೊಂಡರು, ಅದು ಅರ್ಧಕ್ಕೇ ತುಂಡಾಯಿತು. ಮತ್ತೆ ಎಳೆದರು. ಕೆಮ್ಮು ಬಂತು. ನನ್ನ ತೋಳನ್ನು ಬಿಗಿಯಾಗಿ ಹಿಡಿದು, ಬಗ್ಗಿ, ನನ್ನ ಕಿವಿಯ ಹತ್ತಿರ ಬಾಯಿಟ್ಟರು.

"ನೀನು ಹಾಡು. ನನ್ನ ಬದಲಿಗೆ ನೀನು ಹಾಡು."

ನನ್ನ ಬದಲಿಗೆ ಎಂಬ ಆ ಮಾತು ನನಗೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಒಂದೊಂದೇ ಸಾಲನ್ನು ನನ್ನ ಕಿವಿಯಲ್ಲಿ ಉಸುರಿದರು, ನಾನು ಅದನ್ನು ಜೋರಾಗಿ ಹಾಡಿದೆ — ಅರ್ಥ ತಿಳಿಯದ ಪದಗಳು, ತಪ್ಪು ಉಚ್ಚಾರಣೆ, ಎಂದೂ ಹಾಡಿರದ ನನ್ನ ಒರಟು ಗಂಟಲು. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಗುತ್ತಿದ್ದರು. ನನಗೂ ಅಳು ಬಂತು. ಅವರು ಅದನ್ನು ಸಂತೋಷವೆಂದುಕೊಂಡು ನನ್ನ ಕೆನ್ನೆ ಒರೆಸಿದರು.

ಮರುದಿನ ಬೆಳಿಗ್ಗೆ ತೆರೆಸಾಳ ಮನೆಯಲ್ಲಿ ಕಾಫಿ ಕುಡಿದು ಸ್ಯಾನ್ ಡಿಯೇಗೊ ಕಡೆ ಹೊರಟೆವು. ನಾನು ಡ್ರೈವ್ ಮಾಡುತ್ತಿದ್ದೆ. ಅವರು ತಮ್ಮ ಫೋನಿನಲ್ಲಿ ಅದೇ ಬ್ಯಾಂಡಿನ ಹಾಡುಗಳನ್ನು ಹಾಕಿಕೊಂಡು ಕಿಟಕಿಗೆ ತಲೆಯೊರಗಿಸಿದ್ದರು. ಬಲಗಡೆ ಸಮುದ್ರ ಬಂತು. "ಸತ್ತಿದ್ರೆ ಇದು ಸಿಗ್ತಿರಲಿಲ್ಲ ನಂಗೆ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನಿಲ್ಲದಿದ್ರೆ ನಾನು ಉಳೀತಿರಲಿಲ್ಲ ಕಣೆ" ಎಂದರು.

ಅದನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ. ರಸ್ತೆಯ ಮೇಲೆ ಕಣ್ಣಿಟ್ಟೇ ಹೇಳಿಬಿಟ್ಟೆ.

"ಅಕ್ಕ, ಅವತ್ತು ನಂಗೆ ಜ್ವರ ಇರಲಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ಯಾವತ್ತು ಎಂದರು. ನಾನು ಎಲ್ಲವನ್ನೂ ಹೇಳಿದೆ. ಮುಖ್ಯ ನರ್ಸಿಗೆ ಹೇಳಿದ್ದು, ಅವರ ಹೆಸರು ಕೇಳಿಯೂ ಥ್ಯಾಂಕ್ಸ್ ಎಂದದ್ದು, ಕೆಮ್ಮಿದ್ದು. ಅವರು ಕೈ ಚಾಚಿ ಹಾಡನ್ನು ನಿಲ್ಲಿಸಿದರು. ಆಮೇಲೆ ಬಹಳ ಹೊತ್ತು ಅವರ ಉಸಿರಾಟದ ಸದ್ದೊಂದೇ ಕಾರಿನಲ್ಲಿ ಕೇಳುತ್ತಿತ್ತು. ಆ ಸದ್ದಿನ ಒಂದೊಂದು ತೊಡಕೂ ನನಗೆ ಪರಿಚಯವಿದೆ.

ಕೊನೆಗೆ ಕೇಳಿದರು. "ಅವತ್ತು ಮನೇಲಿ ಏನ್ ಮಾಡ್ದೆ?"

ಬೈಗುಳಕ್ಕೆ ಸಿದ್ಧಳಾಗಿದ್ದೆ. ಅಳುವಿಗೂ ಸಿದ್ಧಳಾಗಿದ್ದೆ. ಈ ಪ್ರಶ್ನೆಗೆ ಅಲ್ಲ. ಮತ್ತೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು — ದಿನವಿಡೀ ಅಳುತ್ತಿದ್ದೆ ಎಂದೋ, ಊಟ ಸೇರಲಿಲ್ಲ ಎಂದೋ. ಅದು ನಿಜವಾಗಿರಲಿಲ್ಲ.

"ಮಗಳ ಜೊತೆ ಹಿತ್ತಿಲಲ್ಲಿ ಆಡಿದೆ. ಚಿತ್ರಾನ್ನ ಮಾಡಿದೆ. ಮಧ್ಯಾಹ್ನ ಮಲಗಿದೆ," ಎಂದೆ. "ಚೆನ್ನಾಗಿ ನಿದ್ದೆ ಬಂತು."

ಅವರು ತಲೆಯಾಡಿಸಿದರು. ಒಬ್ಬ ರೋಗಿಯ ವಿವರ ಕೇಳಿ ಮನಸ್ಸಿನಲ್ಲಿಟ್ಟುಕೊಂಡವರ ಹಾಗೆ.

ನಾನು ಮಾಡಿದ ಎರಡನೆಯ ತಪ್ಪು ಆಗ ನನಗೆ ಹೊಳೆಯಿತು. ಓಡುವ ಕಾರಿನಲ್ಲಿ, ಎದ್ದು ಹೋಗಲು ದಾರಿಯಿಲ್ಲದ ಕಡೆ ಹೇಳಿದ್ದೆ. ಅಷ್ಟು ವರ್ಷ ಕಾದ ಒಂದು ಸಂಜೆ ಅವರಿಗೆ ಸಿಕ್ಕಿತ್ತು. ಅದನ್ನು ಒಂದು ದಿನವೂ ಪೂರ್ತಿ ಅನುಭವಿಸಲು ನಾನು ಅವರನ್ನು ಬಿಡಲಿಲ್ಲ. ಅವರ ಒಳ್ಳೆಯ ಮಾತು ತಾಳಲಾರದೆ ಹೇಳಿದೆ — ಅಂದರೆ, ಅವರಿಗಾಗಿ ಅಲ್ಲ, ನನಗಾಗಿ. ಮತ್ತೆ ನನಗಾಗಿಯೇ. ಇನ್ನು ಆ ಹಾಡು ಕೇಳಿದಾಗಲೆಲ್ಲ ಅವರಿಗೆ ನೆನಪಾಗುವುದೇನು? ಕಿವಿಯಲ್ಲಿ ಉಸುರಿದ ಸಾಲುಗಳೋ, ನನ್ನ ನಿದ್ದೆಯೋ?

ಮೀರಾ ಮೇಸಾದ ಅವರ ಮನೆಯ ಮುಂದೆ ನಿಲ್ಲಿಸಿ, ಎಂದಿನಂತೆ ಇಳಿದು ಅವರ ಚೀಲಕ್ಕೆ ಕೈ ಹಾಕಿದೆ.

"ಬೇಡ," ಎಂದರು. ಚೀಲವನ್ನು ತಾವೇ ತೆಗೆದುಕೊಂಡರು. ಬಾಗಿಲ ಮುಂದಿನ ಮೆಟ್ಟಿಲುಗಳ ಮೇಲೆ ಉಸಿರಿಗಾಗಿ ನಿಂತರು. ನಾನು ನಿಂತಲ್ಲೇ ನಿಂತೆ. ತಿರುಗಿ ನೋಡಿ, ಆ ಪಿಸುದನಿಯಲ್ಲಿ, "ಫೋನ್ ನಾನೇ ಮಾಡ್ತೀನಿ. ನೀನು ಮಾಡ್ಬೇಡ. ಬರಲೂ ಬೇಡ," ಎಂದರು. ಅದರಲ್ಲಿ ಸಿಟ್ಟಿತ್ತೋ ಆಯಾಸವಿತ್ತೋ ಹೇಳಲಾರೆ. ಆ ದನಿಯಲ್ಲಿ ಈಗ ಎರಡೂ ಒಂದೇ ಥರ ಕೇಳಿಸುತ್ತವೆ.

ಮನೆಗೆ ಬಂದು ಮಂಜುಗೆ ಹೇಳಿದೆ. "ಹೇಳ್ಬಾರದಿತ್ತೇನೋ," ಎಂದ. ಆಮೇಲೆ, "ಮೊದಲೇ ಹೇಳ್ಬೇಕಿತ್ತೇನೋ," ಎಂದ. ಎರಡೂ ಸರಿಯಿರಬಹುದು.

ಫೋನ್ ಬಂದಿಲ್ಲ. ಮೊದಲ ದಿನಗಳಲ್ಲಿ ಕೈ ಅಭ್ಯಾಸಬಲದಿಂದ ಹೆಚ್ಚು ಅನ್ನಕ್ಕಿಡುತ್ತಿತ್ತು. ಮಿಕ್ಕಿದ್ದನ್ನು ನಾವೇ ಮಾರನೆಯ ದಿನ ತಿನ್ನುತ್ತಿದ್ದೆವು. ತೆರೆಸಾಳಿಂದ ಒಮ್ಮೆ ವಿಚಾರಿಸೋಣ ಎನ್ನಿಸಿತು, ಬಿಟ್ಟೆ. ಅದೂ ಅವರ ಬಾಗಿಲು ತಟ್ಟಿದ ಹಾಗೆಯೇ.

ಈಚೆಗೆ ನಮ್ಮ ವಾರ್ಡಿಗೆ ಹೊಸದಾಗಿ ಸೇರಿದ ಕೇರಳದ ಹುಡುಗಿಯೊಬ್ಬಳು ಊಟದ ಹೊತ್ತಿನಲ್ಲಿ, "ಮಿಲಾ ಅಂತ ಒಬ್ರನ್ನ ವರ್ಷಗಟ್ಟಲೆ ನೋಡ್ಕೊಂಡಿದ್ದು ನೀವೇ ಅಂತೆ? ಎಲ್ಲರೂ ಹೇಳ್ತಾರೆ," ಎಂದಳು. ಮೇಜಿನ ಸುತ್ತ ಇತರರೂ ಇದ್ದರು. ಮೊದಲಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ಈ ಸಲ ಅವರೆಲ್ಲರೆದುರು ಆ ಬೆಳಗಿನ ಕಥೆಯನ್ನು ಹೇಳಿದೆ. ಇಬ್ಬರು ಫಿಲಿಪಿನೋ ನರ್ಸುಗಳು ಡಬ್ಬಿ ಮುಚ್ಚಿ ಎದ್ದು ಹೋದರು. ಹೋಗಬೇಕಾದ್ದೇ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಿಲಾ ಅಕ್ಕನ ಬೀದಿ ಸಿಗುತ್ತದೆ. ಕೆಲವು ದಿನ ಅವರ ಮನೆಯ ಮುಂಬಾಗಿಲು ತೆರೆದಿರುವುದು ಕಾಣುತ್ತದೆ. ಒಳಗಿದ್ದಾರೆ, ಉಸಿರಾಡುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಕಾರು ನಿಲ್ಲಿಸುವುದಿಲ್ಲ. ಫೋನ್ ಅವರೇ ಮಾಡುತ್ತೇನೆಂದಿದ್ದಾರೆ. ಮಾಡದೇ ಇರುವ ಹಕ್ಕೂ ಅವರದೇ.